ಈಶ್ವರಿ ಬೇರು: ಬೇಲಿಯಲ್ಲಿರಲಿ, ಹೊಟ್ಟೆಗೆ ಬೇಡ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ಸೀಮೆಯ ಕಾಡಂಚಿನ ಊರುಗಳಲ್ಲಿ ಹಾವಿನ ಭಯವಿಲ್ಲದ ಮನೆ ಇಲ್ಲ. ಅರಿಸಿನದ ಹೊಲದಲ್ಲಿ ಕಳೆ ಕೀಳುವ ಹೆಂಗಸರು, ಚೆಂಡುಹೂವು ಕೊಯ್ಯುವ ಕೂಲಿಯವರು, ಆನೆ ಹಂದಿಗಳಿಂದ ಬೆಳೆ ಕಾಯಲು ಹೊಲದಲ್ಲೇ ರಾತ್ರಿ ಕಳೆಯುವ ರೈತರು, ಕಾಡಿನೊಳಗೆ ಜೇನಿಗೂ ನೆಲ್ಲಿಗೂ ಹೋಗುವ ಸೋಲಿಗರು, ಇವರೆಲ್ಲರೂ ಹಾವಿನೊಡನೆ ನೆಲ ಹಂಚಿಕೊಂಡು ಬದುಕುವವರು. ಇಂಥ ನಾಡಿನಲ್ಲಿ ಹಾವಿನ ವಿಷಕ್ಕೆ ಮದ್ದು ಎಂದು ಹೆಸರಾದ ಬೇರಿನ ಮೇಲೆ ಜನರಿಗೆ ಭಕ್ತಿ ಇರುವುದು ಸಹಜವೇ ಆಗಿದೆ. ಆ ಬೇರುಗಳಲ್ಲಿ ಮೊದಲ ಸಾಲಿನಲ್ಲಿ ನಿಲ್ಲುವುದು ಈಶ್ವರಿ ಬೇರು.

ಹೆಸರೇ ದೇವರದು. ಸಂಸ್ಕೃತದಲ್ಲಿ ಇದನ್ನು ಈಶ್ವರಿ, ನಾಕುಲಿ ಎಂದೆಲ್ಲ ಕರೆಯುತ್ತಾರೆ. ನಕುಲ ಎಂದರೆ ಮುಂಗುಸಿ. ಹಾವಿನೊಡನೆ ಕಾದಾಡುವ ಮುಂಗುಸಿಯ ಹೆಸರು ಬಳ್ಳಿಗೂ ಅಂಟಿಕೊಂಡಿದೆ. ತಮಿಳರು ಈಶ್ವರಮೂಲಿ ಎಂದರೆ ಮಲೆಯಾಳಿಗಳು ಗರುಡಕ್ಕೊಡಿ ಎನ್ನುತ್ತಾರೆ. ಸಸ್ಯಶಾಸ್ತ್ರಜ್ಞರು ಇಟ್ಟ ಹೆಸರು ಅರಿಸ್ಟೊಲೋಕಿಯಾ ಇಂಡಿಕಾ. ಕುರುಚಲು ಕಾಡಿನ ಪೊದೆಗಳ ಮೇಲೂ ಹೊಲದ ಬೇಲಿಗಳ ಮೇಲೂ ಹಬ್ಬುವ ತೆಳು ಬಳ್ಳಿ ಇದು. ಎಲೆಯನ್ನು ಹೊಸಕಿದರೆ ಘಾಟು ವಾಸನೆ ಬರುತ್ತದೆ. ಹೂವು ಬುಡದಲ್ಲಿ ಉಬ್ಬಿ ಮೇಲೆ ಕೊಳವೆಯಾಗಿ ಬಾಯಿ ತೆರೆದಿರುತ್ತದೆ. ಕಾಯಿ ಒಣಗಿದಾಗ ತೊಟ್ಟಿನ ಕಡೆಯಿಂದ ಬಿರಿದು, ಎಳೆಗಳಿಂದ ತೂಗುಬಿಟ್ಟ ಪುಟ್ಟ ಬುಟ್ಟಿಯಂತೆ ನೇತಾಡುತ್ತದೆ. ಒಮ್ಮೆ ಈ ಬುಟ್ಟಿಯನ್ನು ಕಂಡವರು ಬಳ್ಳಿಯನ್ನು ಮತ್ತೆ ಮರೆಯಲಾರರು.

ನಮ್ಮ ನಾಟಿ ವೈದ್ಯದಲ್ಲಿ ಈ ಬೇರಿನ ಬಳಕೆ ಹಲವು ಬಗೆಯದು. ಬೇರನ್ನು ತೇಯ್ದು ಹಾವು ಕಚ್ಚಿದವರಿಗೆ ಕುಡಿಸುತ್ತಾರೆ, ಕಚ್ಚಿದ ಜಾಗಕ್ಕೆ ಲೇಪಿಸುತ್ತಾರೆ. ಜ್ವರಕ್ಕೆ, ಮಕ್ಕಳ ಹೊಟ್ಟೆನೋವಿಗೆ, ಹೆಂಗಸರ ಮುಟ್ಟಿನ ತೊಂದರೆಗೆ ಕೊಡುವ ರೂಢಿಯೂ ಉಂಟು. ಮನೆಯ ಬಳಿ ಬಳ್ಳಿ ಇದ್ದರೆ, ಬಾಗಿಲಿಗೆ ಬೇರು ಕಟ್ಟಿದರೆ ಹಾವು ಹತ್ತಿರ ಸುಳಿಯದು ಎಂಬ ನಂಬಿಕೆಯೂ ಇದೆ. ಬೇರನ್ನು ಬಾಗಿಲಿಗೆ ಕಟ್ಟುವುದರಿಂದ ಯಾರಿಗೂ ಕೇಡಿಲ್ಲ. ಅದನ್ನು ಹೊಟ್ಟೆಗೆ ಕೊಡುವುದರ ಬಗ್ಗೆ ಮಾತ್ರ ಇಂದು ನಾವು ಗಂಭೀರವಾಗಿ ಮಾತನಾಡಬೇಕಾಗಿದೆ. ಅದಕ್ಕಾಗಿ ಮೊದಲು ಚೀನಾದ ಒಂದು ಬೇರಿನ ಕಥೆಯನ್ನು ತಿಳಿಯುವುದು ಅಗತ್ಯ.

ಒಂದೇ ಹೆಸರಿನ ಎರಡು ಬೇರುಗಳು

ಚೀನಾದ ಪಾರಂಪರಿಕ ವೈದ್ಯದಲ್ಲಿ ಫಾಂಗ್ ಜಿ ಎಂಬ ಬೇರು ಬಹಳ ಹಳೆಯದು. ಮೈ ಊತ, ಕೀಲುನೋವುಗಳಿಗೆ ಅದನ್ನು ಬಳಸುತ್ತಾರೆ. ಆದರೆ ಆ ಹೆಸರಿನಲ್ಲಿ ಮಾರುಕಟ್ಟೆಗೆ ಬರುತ್ತಿದ್ದುದು ಒಂದೇ ಗಿಡದ ಬೇರಲ್ಲ. ಹಾನ್ ಫಾಂಗ್ ಜಿ ಎಂಬುದು ಸ್ಟೆಫಾನಿಯಾ ಎಂಬ ಬಳ್ಳಿಯ ಬೇರು. ಇದು ನಮ್ಮ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ್ದು. ಗ್ವಾಂಗ್ ಫಾಂಗ್ ಜಿ ಎಂಬುದು ಅರಿಸ್ಟೊಲೋಕಿಯಾ ಫಾಂಗ್‌ಚಿ ಎಂಬ ಬಳ್ಳಿಯ ಬೇರು. ಇದು ನಮ್ಮ ಈಶ್ವರಿಯ ಹತ್ತಿರದ ಬಂಧು. ಹೆಸರು ಹೆಚ್ಚುಕಡಿಮೆ ಒಂದೇ, ಗಿಡ ಬೇರೆ, ಗುಣವೂ ಬೇರೆ.

ಬೆಲ್ಜಿಯಂ ದೇಶದ ಬ್ರಸೆಲ್ಸ್ ನಗರದಲ್ಲಿ ತೂಕ ಇಳಿಸುವ ಚಿಕಿತ್ಸಾಲಯವೊಂದಿತ್ತು. 1990ರಲ್ಲಿ ಅಲ್ಲಿನ ಮಾತ್ರೆಗಳಿಗೆ ಎರಡು ಚೀನೀ ಮೂಲಿಕೆಗಳ ಪುಡಿ ಸೇರಿಸಲಾಯಿತು. ಅವುಗಳಲ್ಲಿ ಒಂದು ಸ್ಟೆಫಾನಿಯಾ ಆಗಬೇಕಿತ್ತು, ಬಂದದ್ದು ಅರಿಸ್ಟೊಲೋಕಿಯಾ. 1992ರ ಹೊತ್ತಿಗೆ ಮೂತ್ರಪಿಂಡದ ವೈದ್ಯರ ಬಳಿಗೆ ಐವತ್ತು ವರ್ಷವೂ ತುಂಬದ ಹೆಂಗಸರು ಒಬ್ಬರ ಹಿಂದೆ ಒಬ್ಬರಂತೆ ಬರತೊಡಗಿದರು. ಎಲ್ಲರದೂ ಒಂದೇ ಸ್ಥಿತಿ: ಮೂತ್ರಪಿಂಡ ಕುಗ್ಗಿ ಕೆಲಸ ನಿಲ್ಲಿಸುತ್ತಿತ್ತು. ವಿಚಾರಿಸಿದಾಗ ಎಲ್ಲರೂ ಅದೇ ಚಿಕಿತ್ಸಾಲಯದ ಮಾತ್ರೆ ನುಂಗಿದವರು. 1993ರಲ್ಲಿ ಈ ವಿಷಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಮರುವರ್ಷ ಪುಡಿಯಲ್ಲಿ ಅರಿಸ್ಟೊಲೋಕಿಕ್ ಆಮ್ಲ ಇರುವುದು ಖಚಿತವಾಯಿತು. ಕೊನೆಗೆ ಲೆಕ್ಕಕ್ಕೆ ಸಿಕ್ಕ ರೋಗಿಗಳ ಸಂಖ್ಯೆ ನೂರನ್ನು ದಾಟಿತು.

ಅನಾಹುತ ಅಲ್ಲಿಗೇ ನಿಲ್ಲಲಿಲ್ಲ. ಮೂತ್ರಪಿಂಡ ಪೂರ್ಣ ಸೋತುಹೋಗಿದ್ದವರಲ್ಲಿ 39 ಮಂದಿ, ಮುಂದಿನ ಅಪಾಯ ತಪ್ಪಿಸಿಕೊಳ್ಳಲು ಕೆಟ್ಟುಹೋದ ಮೂತ್ರಪಿಂಡ ಮತ್ತು ಮೂತ್ರನಾಳಗಳನ್ನು ತೆಗೆಸಿಕೊಳ್ಳಲು ಒಪ್ಪಿದರು. ತೆಗೆದ ಅಂಗಗಳನ್ನು ಪರೀಕ್ಷಿಸಿದಾಗ 18 ಮಂದಿಯಲ್ಲಿ ಕ್ಯಾನ್ಸರ್ ಕಂಡುಬಂತು. ಈ ವರದಿ ಬಂದದ್ದು 2000ನೇ ಇಸವಿಯಲ್ಲಿ. ಮಾತ್ರೆ ನುಂಗುವುದನ್ನು ಬಿಟ್ಟು ವರ್ಷಗಳೇ ಕಳೆದಿದ್ದರೂ ವಿಷ ತನ್ನ ಕೆಲಸವನ್ನು ನಿಲ್ಲಿಸಿರಲಿಲ್ಲ.

ಇದನ್ನು ಒಂದು ಊರಿನ ಆಕಸ್ಮಿಕವೆಂದು ತಳ್ಳಿಹಾಕುವಂತಿಲ್ಲ. ಡ್ಯಾನ್ಯೂಬ್ ನದಿಯ ಉಪನದಿಗಳ ದಂಡೆಯ ಬಾಲ್ಕನ್ ಹಳ್ಳಿಗಳಲ್ಲಿ ರೈತ ಕುಟುಂಬಗಳನ್ನು ತಲೆಮಾರುಗಳಿಂದ ಕಾಡುತ್ತಿದ್ದ ಮೂತ್ರಪಿಂಡದ ಕಾಯಿಲೆಯೊಂದಿತ್ತು. ಗೋಧಿ ಹೊಲದಲ್ಲಿ ಕಳೆಯಾಗಿ ಬೆಳೆಯುವ ಇನ್ನೊಂದು ಅರಿಸ್ಟೊಲೋಕಿಯಾದ ಬೀಜ ಹಿಟ್ಟಿನೊಡನೆ ಸೇರಿ ಆ ಕಾಯಿಲೆ ಬರುತ್ತಿತ್ತೆಂಬುದಕ್ಕೆ ಬಲವಾದ ಆಧಾರ ದೊರಕಿದ್ದು 2007ರಲ್ಲಿ. ಅದು ಅವರ ನಿತ್ಯದ ರೊಟ್ಟಿಯಲ್ಲೇ ಇತ್ತು. ತೈವಾನ್‌ನಲ್ಲಿ 1997ರಿಂದ 2003ರ ನಡುವೆ ಜನಸಂಖ್ಯೆಯ ಮೂರನೇ ಒಂದಕ್ಕೂ ಹೆಚ್ಚು ಭಾಗಕ್ಕೆ ಈ ಆಮ್ಲ ಇದ್ದಿರಬಹುದಾದ ಔಷಧವನ್ನು ಬರೆದುಕೊಡಲಾಗಿತ್ತು; 2003ರಲ್ಲಿ ಆ ದೇಶ ಅವನ್ನು ನಿಷೇಧಿಸಿತು. ಸ್ವತಃ ಚೀನಾ ಸರ್ಕಾರ 2003 ಮತ್ತು 2004ರಲ್ಲಿ ಗ್ವಾಂಗ್ ಫಾಂಗ್ ಜಿಯೂ ಸೇರಿದಂತೆ ಇಂಥ ಮೂಲಿಕೆಗಳನ್ನು ತನ್ನ ಅಧಿಕೃತ ಪಟ್ಟಿಯಿಂದ ತೆಗೆದುಹಾಕಿತು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅರಿಸ್ಟೊಲೋಕಿಯಾ ಸಸ್ಯಗಳಿರುವ ಔಷಧಗಳನ್ನು 2002ರಲ್ಲಿಯೇ ಮನುಷ್ಯರಲ್ಲಿ ಕ್ಯಾನ್ಸರ್ ತರುವ ಮೊದಲ ಗುಂಪಿಗೆ ಸೇರಿಸಿತು. ತಂಬಾಕು ಇರುವ ಗುಂಪು ಅದು.

ಇವೆಲ್ಲ ಪರದೇಶದ ಬಳ್ಳಿಗಳು, ನಮ್ಮ ಈಶ್ವರಿಗೆ ಈ ದೋಷವಿಲ್ಲ ಎಂದು ಸಮಾಧಾನ ಪಟ್ಟುಕೊಳ್ಳುವ ಹಾಗಿಲ್ಲ. ನಮ್ಮ ಬಳ್ಳಿಯ ಬೇರಿನಲ್ಲೂ ಅದೇ ಆಮ್ಲ ಇದೆ. ನೆರೆಯ ಬಾಂಗ್ಲಾದೇಶದಲ್ಲಿ ಕವಿರಾಜರು ಎಂದು ಕರೆಯಲಾಗುವ ನಾಟಿ ವೈದ್ಯರು ಇದೇ ಅರಿಸ್ಟೊಲೋಕಿಯಾ ಇಂಡಿಕಾವನ್ನು ಹಾವಿನ ಕಡಿತವೂ ಸೇರಿದಂತೆ ಹಲವು ತೊಂದರೆಗಳಿಗೆ ಕೊಡುವುದನ್ನು ಅಧ್ಯಯನ ಮಾಡಿದ ಸಂಶೋಧಕರು, 2013ರಲ್ಲಿ ಇದೇ ಎಚ್ಚರಿಕೆಯನ್ನು ನೀಡಿದ್ದಾರೆ.

ಅಜ್ಜಿ ಕಾಲದಿಂದ ಕೊಟ್ಟಿದ್ದಾರೆ, ಏನೂ ಆಗಿಲ್ಲವಲ್ಲ?

ಈ ಪ್ರಶ್ನೆ ನ್ಯಾಯವಾದದ್ದು. ಅದನ್ನು ಕೇಳುವವರನ್ನು ಮೂಢರೆಂದು ಹೀಗಳೆಯುವುದು ಅವಿವೇಕ. ನೂರಾರು ವರ್ಷ ಬಳಸಿ ನೋಡಿದ ಅನುಭವಕ್ಕೆ ಬೆಲೆಯಿಲ್ಲವೇ? ಖಂಡಿತ ಇದೆ. ಆದರೆ ಆ ಅನುಭವದ ಕಣ್ಣಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂಬುದನ್ನು ವಿವೇಚಿಸಬೇಕು.

ತಿಂದ ಕೂಡಲೇ ವಾಂತಿ ತರಿಸುವ, ಬಾಯಿ ತುರಿಸುವ, ಅಮಲು ಹಿಡಿಸುವ ಗಿಡವನ್ನು ನಮ್ಮ ಹಿರಿಯರು ಒಂದೆರಡು ಸಲದಲ್ಲೇ ಗುರುತಿಸಿದರು. ಕೆಸುವನ್ನು ಹುಣಸೆ ಹಾಕಿ ಬೇಯಿಸಬೇಕೆಂಬುದು, ಕಾಡುಗೆಣಸುಗಳಲ್ಲಿ ಯಾವುದನ್ನು ತಿನ್ನಬಹುದು, ಯಾವುದು ಕೂಡದು ಎಂಬುದು ಹಾಗೆ ಕಲಿತ ವಿದ್ಯೆ. ಸೋಲಿಗರ ಮಕ್ಕಳು ಕಾಡಿನಲ್ಲಿ ನಡೆಯುತ್ತಲೇ ಕಲಿಯುವ ಈ ಪಾಠವನ್ನು ಯಾವ ಕಾಲೇಜೂ ಕಲಿಸದು. ಬೇಗ ಕೇಡು ಮಾಡುವ ವಿಷಕ್ಕೆ ಜನಪದ ಜ್ಞಾನ ತಕ್ಕ ಕಾವಲುಗಾರ.

ಈಶ್ವರಿಯ ವಿಷ ಆ ಜಾತಿಯದಲ್ಲ. ಅದು ದೇಹದೊಳಗೆ ಬೇರೆ ರೂಪ ತಾಳಿ ಜೀವಕೋಶದ ವಂಶತಂತುವಿಗೇ ಅಂಟಿಕೊಳ್ಳುತ್ತದೆ. ಮೂತ್ರಪಿಂಡದ ಸೂಕ್ಷ್ಮ ನಾಳಗಳು ಸದ್ದಿಲ್ಲದೆ ಸವೆಯುತ್ತವೆ. ಮೂತ್ರಪಿಂಡದ ಬಹುಭಾಗ ಹಾಳಾಗುವವರೆಗೂ ಮನುಷ್ಯನಿಗೆ ನೋವಿಲ್ಲ, ಜ್ವರವಿಲ್ಲ. ಕ್ಯಾನ್ಸರ್ ತಲೆಯೆತ್ತುವುದು ಎಷ್ಟೋ ವರ್ಷಗಳ ಮೇಲೆ. ಬೇರು ತೇಯ್ದು ಕೊಟ್ಟ ವೈದ್ಯ, ಕುಡಿದ ರೋಗಿ ಇಬ್ಬರೂ ಅಷ್ಟರಲ್ಲಿ ಅದನ್ನು ಮರೆತಿರುತ್ತಾರೆ. ಕೈಕಾಲು ಊದಿ, ಊಟ ಸೇರದೆ ಒಬ್ಬರು ತೀರಿಕೊಂಡರೆ ಊರಿನಲ್ಲಿ ಅದಕ್ಕೆ ಬೇರೆ ಕಾರಣ ಹೇಳುತ್ತಾರೆ. ಹಿಂದೆ ಕುಡಿದ ಬೇರಿನ ನೆನಪು ಯಾರಿಗೂ ಬರುವುದಿಲ್ಲ. ವಾಸಿಯಾದ ದಿನ ನೆನಪಿರುತ್ತದೆ, ಕೆಟ್ಟ ದಿನಕ್ಕೆ ಕೊಂಡಿ ಸಿಗುವುದಿಲ್ಲ. ಅಜ್ಜಿಯ ಅನುಭವ ಸುಳ್ಳಲ್ಲ. ಅಜ್ಜಿಯ ಕಣ್ಣಿಗೆ ಕಾಣದಷ್ಟು ನಿಧಾನವಾದ ವಿಷ ಇದು. ಬಾಲ್ಕನ್ ರೈತರು ತಮ್ಮದೇ ರೊಟ್ಟಿಯಲ್ಲಿದ್ದ ವಿಷವನ್ನು ಕಾಣಲು ಅಷ್ಟು ತಲೆಮಾರು ಹಿಡಿದದ್ದೂ ಇದೇ ಕಾರಣಕ್ಕೆ.

ಹಾವಿನ ಕಡಿತಕ್ಕೆ ಬೇರು ಮದ್ದಲ್ಲ

ಈಶ್ವರಿ ಬೇರಿನ ದೊಡ್ಡ ಕೀರ್ತಿ ಹಾವಿನ ವಿಷದ ವಿಚಾರದಲ್ಲಿ. ಆ ಕೀರ್ತಿ ಹೇಗೆ ಬಂತು? ನಮ್ಮ ಸುತ್ತಲಿನ ಹಾವುಗಳಲ್ಲಿ ಹೆಚ್ಚಿನವು ವಿಷವಿಲ್ಲದವು. ಕೇರೆ, ನೀರುಹಾವು, ತೋಳದ ಹಾವುಗಳು ಕಚ್ಚಿದರೆ ಯಾವ ಬೇರು ಕೊಟ್ಟರೂ ಮನುಷ್ಯ ಬದುಕುತ್ತಾನೆ, ಕೊಡದಿದ್ದರೂ ಬದುಕುತ್ತಾನೆ. ವಿಷದ ಹಾವು ಕಚ್ಚಿದಾಗಲೂ ಕೆಲವೊಮ್ಮೆ ವಿಷ ಒಳಗೆ ಇಳಿದಿರುವುದಿಲ್ಲ. ಬದುಕಿದವರೆಲ್ಲರ ಲೆಕ್ಕ ಬೇರಿನ ಖಾತೆಗೆ ಜಮೆಯಾಗುತ್ತದೆ. ಸತ್ತವರ ಲೆಕ್ಕ ವಿಧಿಯ ಖಾತೆಗೆ.

ನಮ್ಮ ದೇಶದಲ್ಲಿ 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು ಸತ್ತಿರಬೇಕೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ವರ್ಷಕ್ಕೆ ಸರಾಸರಿ 58 ಸಾವಿರ. ಸತ್ತವರಲ್ಲಿ ಬಹುಪಾಲು ಹಳ್ಳಿಗರು. ಇಷ್ಟು ಸಾವುಗಳಲ್ಲಿ ಎಷ್ಟೋ ಸಾವು ವಿಷದಿಂದಾದಷ್ಟೇ ವಿಳಂಬದಿಂದಲೂ ಆದವು. ಬೇರು ತೇಯುವುದರಲ್ಲಿ, ಮಂತ್ರ ಹಾಕಿಸುವುದರಲ್ಲಿ ಕಳೆದ ಎರಡು ಗಂಟೆ ಮರಳಿ ಬಾರದು.

ಕಟ್ಟುಹಾವು ರಾತ್ರಿಯ ಹೊತ್ತು ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಕಡಿತದ ನೋವು ಇಲ್ಲವೆನ್ನುವಷ್ಟು ಕಡಿಮೆ. ಬೆಳಗಿನ ಜಾವ ಹೊಟ್ಟೆನೋವು, ರೆಪ್ಪೆ ಜೋಲುವುದು, ನುಂಗಲು ಆಗದಿರುವುದು, ಆಮೇಲೆ ಉಸಿರು ಕಟ್ಟುವುದು. ಆ ಹೊತ್ತಿನಲ್ಲಿ ಉಸಿರಾಟಕ್ಕೆ ಯಂತ್ರದ ನೆರವು ಬೇಕು. ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವ ಗುಣ ಕಳೆದುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಗಾಜಿನ ಕೊಳವೆಯಲ್ಲಿ ಸ್ವಲ್ಪ ರಕ್ತ ತೆಗೆದು 20 ನಿಮಿಷ ಅಲುಗಿಸದೆ ಇಟ್ಟು, ಅದು ಹೆಪ್ಪುಗಟ್ಟಿತೇ ಎಂದು ನೋಡುವ ಸರಳ ಪರೀಕ್ಷೆಯಿಂದ ಇದನ್ನು ತಿಳಿಯುತ್ತಾರೆ. ಕೊಳಕುಮಂಡಲದ ವಿಷ ಮೂತ್ರಪಿಂಡವನ್ನೇ ಹೊಡೆಯುತ್ತದೆ. ಹಾವು ಹಾಗೆ ಹೊಡೆದ ಮೂತ್ರಪಿಂಡಕ್ಕೆ ನಾವು ಈಶ್ವರಿ ಬೇರನ್ನೂ ಕುಡಿಸಿದರೆ, ಗಾಯದ ಮೇಲೆ ಬರೆ ಎಳೆದಂತೆ ಆಗುವುದಿಲ್ಲವೇ?

ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷಕ್ಕೂ ಕೆಲಸ ಮಾಡುವ ಪ್ರತಿವಿಷ ಸರ್ಕಾರಿ ಆಸ್ಪತ್ರೆಗಳಲ್ಲಿ ದೊರೆಯುತ್ತದೆ. ಅದೂ ದೋಷವಿಲ್ಲದ ಮದ್ದೇನಲ್ಲ. ಕೆಲವರಿಗೆ ಒಗ್ಗದೆ ಮೈಯೆಲ್ಲ ದದ್ದು, ಉಬ್ಬಸ ಬರುವುದುಂಟು. ಆದ್ದರಿಂದಲೇ ಅದನ್ನು ವೈದ್ಯರ ಕಣ್ಣೆದುರಿನಲ್ಲಿ ಕೊಡಬೇಕು. ಆದರೆ ರಕ್ತಕ್ಕೆ ಸೇರಿದ ವಿಷವನ್ನು ಕಟ್ಟಿಹಾಕುವ ಮದ್ದು ಅದೊಂದೇ.

ಇಲ್ಲಿ ಓದುಗರು ಗಮನಿಸಬೇಕಾದ ಒಂದು ಸಂಗತಿ ಇದೆ. ಆ ಪ್ರತಿವಿಷವನ್ನು ಕುದುರೆಗಳ ರಕ್ತದಿಂದ ತಯಾರಿಸಲು ಬೇಕಾದ ಹಾವಿನ ವಿಷದ ಬಹುಭಾಗ ಬರುವುದು ತಮಿಳುನಾಡಿನ ಇರುಳರ ಸಹಕಾರ ಸಂಘದಿಂದ. 1978ರಲ್ಲಿ ಹುಟ್ಟಿದ ಈ ಸಂಘದ ಆದಿವಾಸಿಗಳು ಹಾವನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ಆಸ್ಪತ್ರೆಯ ಮದ್ದು ಪಟ್ಟಣದ ವಿದ್ಯೆ, ಬೇರಿನ ಮದ್ದು ಕಾಡಿನ ವಿದ್ಯೆ ಎಂದು ಗೆರೆ ಎಳೆಯುವವರು ಇದನ್ನು ಮರೆಯಬಾರದು. ಆ ಚಿಕ್ಕ ಸೀಸೆಯಲ್ಲಿ ಆದಿವಾಸಿಯ ಕೈಚಳಕವೂ ಸೇರಿದೆ.

ಪರಂಪರೆಯ ಅಭಿಮಾನ ಮತ್ತು ಸತ್ಯ

ನಾಟಿ ವೈದ್ಯದ ಬಗ್ಗೆ ಹೀಗೆ ಬರೆದರೆ ಔಷಧ ಕಂಪನಿಗಳ ಪರ ಮಾತನಾಡಿದಂತಾಗುವುದಿಲ್ಲವೇ ಎಂದು ನಮ್ಮ ಚಳವಳಿಯ ಗೆಳೆಯರು ಕೇಳಬಹುದು. ಅವರ ಆತಂಕಕ್ಕೆ ಇತಿಹಾಸವಿದೆ. ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವ ಅರಿಸಿನ ಗಾಯ ಮಾಯಿಸುತ್ತದೆ ಎಂಬ ಎಲ್ಲ ಅಜ್ಜಿಯರಿಗೂ ಗೊತ್ತಿದ್ದ ವಿಷಯಕ್ಕೆ 1995ರಲ್ಲಿ ಅಮೆರಿಕೆಯಲ್ಲಿ ಪೇಟೆಂಟ್ ಕೊಡಲಾಗಿತ್ತು. ನಮ್ಮ ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ ಅದನ್ನು ಪ್ರಶ್ನಿಸಿ 1997ರಲ್ಲಿ ರದ್ದುಮಾಡಿಸಿತು. ಬೇವಿನ ಪೇಟೆಂಟ್ ಯೂರೋಪಿನಲ್ಲಿ 2000ದಲ್ಲಿ ರದ್ದಾಗಿ, 2005ರಲ್ಲಿ ಆ ತೀರ್ಪು ಗಟ್ಟಿಯಾಯಿತು.

ಆ ಹೋರಾಟಗಳನ್ನು ಗೆದ್ದುಕೊಟ್ಟದ್ದು ಘೋಷಣೆಯಲ್ಲ, ಪುರಾವೆ. ಹಳೆಯ ಗ್ರಂಥಗಳನ್ನೂ ದಾಖಲೆಗಳನ್ನೂ ಮುಂದಿಟ್ಟು ಇದು ನಮಗೆ ಮೊದಲೇ ತಿಳಿದಿತ್ತು ಎಂದು ಸಾಬೀತುಪಡಿಸಲಾಯಿತು. ಅರಿಸಿನದ ವಿಷಯದಲ್ಲಿ ಪುರಾವೆಯನ್ನು ಗೌರವಿಸಿದ ನಾವು ಈಶ್ವರಿಯ ವಿಷಯದಲ್ಲಿ ಪುರಾವೆಗೆ ಬೆನ್ನು ತಿರುಗಿಸಿದರೆ, ಮುಂದೆ ನಮ್ಮ ಮಾತನ್ನು ಯಾರು ನಂಬಿಯಾರು? ಸರ್ಪಗಂಧಿಯ ಬೇರು ರಕ್ತದೊತ್ತಡ ಇಳಿಸುತ್ತದೆಂಬುದನ್ನು ಮುಂಬಯಿಯ ವೈದ್ಯ ರುಸ್ತುಂ ವಕೀಲ್ 1949ರಲ್ಲಿ ರೋಗಿಗಳ ಲೆಕ್ಕ ಇಟ್ಟು ಜಗತ್ತಿಗೆ ತೋರಿಸಿದರು. ಚೀನಾದ ತೂ ಯೂಯೂ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾಕ್ಕೆ ಮದ್ದು ಹುಡುಕಿ 2015ರಲ್ಲಿ ನೊಬೆಲ್ ಪಡೆದರು. ಫಾಂಗ್ ಜಿಯ ಅನಾಹುತವೂ ಮಲೇರಿಯಾದ ಮದ್ದೂ ಬಂದದ್ದು ಒಂದೇ ಪರಂಪರೆಯಿಂದ. ಜೊಳ್ಳನ್ನೂ ಕಾಳನ್ನೂ ಬೇರೆ ಮಾಡಿದ್ದು ಪರೀಕ್ಷೆಯ ಮೊರ. ತೂರಿದ್ದರಿಂದ ಆ ಪರಂಪರೆಯ ಗೌರವ ಹೆಚ್ಚಿತೇ ಹೊರತು ಕುಗ್ಗಲಿಲ್ಲ.

ಹೆಸರಿನ ಗೊಂದಲ, ಕಾಡಿನ ನಷ್ಟ

ಬೇರಿನ ವ್ಯಾಪಾರದಲ್ಲಿ ಇನ್ನೊಂದು ಅಪಾಯ ಅಡಗಿದೆ. ಬಳ್ಳಿ ಬೇಲಿಯ ಮೇಲಿದ್ದಾಗ ಎಲೆ, ಹೂವು, ಕಾಯಿ ನೋಡಿ ಗುರುತಿಸಬಹುದು. ಅದೇ ಬೇರು ಒಣಗಿ, ತುಂಡಾಗಿ, ಪುಡಿಯಾಗಿ ಗ್ರಂಥಿಗೆ ಅಂಗಡಿಯ ಡಬ್ಬ ಸೇರಿದ ಮೇಲೆ ಗುರುತಿಸುವವರು ಯಾರು? ಗುಂಡ್ಲುಪೇಟೆಯಿಂದ ಒಂದು ದಾರಿ ವಯನಾಡಿಗೆ, ಇನ್ನೊಂದು ಊಟಿಗೆ ಹೋಗುತ್ತದೆ. ಮೂರು ಭಾಷೆಗಳ ಈ ಗಡಿಯಲ್ಲಿ ಒಂದೇ ಬೇರಿಗೆ ಮೂರು ಹೆಸರು, ಒಂದೇ ಹೆಸರಿಗೆ ಎರಡು ಬೇರು ಇರುವುದು ಸಾಮಾನ್ಯ. ನನ್ನಾರಿ ಎಂದು ಕೇಳಿದವರಿಗೆ ಸೊಗದೆ ಬೇರೂ ಸಿಗಬಹುದು, ಮಾಕಳಿ ಬೇರೂ ಸಿಗಬಹುದು. ಅವೆರಡೂ ತಿನ್ನುವ ಬೇರುಗಳಾದ್ದರಿಂದ ಅಲ್ಲಿ ಕೇಡಿಲ್ಲ. ಎಲ್ಲ ಗೊಂದಲವೂ ಹಾಗೆ ಸುಖವಾಗಿ ಮುಗಿಯುವುದಿಲ್ಲ. ಕೋವಿಡ್ ಕಾಲದಲ್ಲಿ, 2020ರ ಕೊನೆಯ ತಿಂಗಳುಗಳಲ್ಲಿ, ಅಮೃತಬಳ್ಳಿ ಕಷಾಯ ಕುಡಿದ ಕೆಲವರಿಗೆ ಯಕೃತ್ತು ಕೆಟ್ಟಿತೆಂದು ಮುಂಬಯಿಯ ವೈದ್ಯರು ವರದಿ ಮಾಡಿದರು. ಅದು ನಿಜವಾದ ಅಮೃತಬಳ್ಳಿಯಲ್ಲದೆ ಅದೇ ಜಾತಿಯ ಬೇರೊಂದು ಬಳ್ಳಿ ಇದ್ದಿರಬಹುದೆಂದು ಕೇಂದ್ರದ ಆಯುಷ್ ಸಚಿವಾಲಯ 2021ರಲ್ಲಿ ಆಕ್ಷೇಪಿಸಿತು. ಬ್ರಸೆಲ್ಸ್‌ನಲ್ಲಿ ಎದ್ದ ಪ್ರಶ್ನೆಯೇ ಇಲ್ಲೂ ಎದ್ದಿತು: ಡಬ್ಬದಲ್ಲಿದ್ದ ಗಿಡ ಯಾವುದು?

ಮಾಕಳಿ ಬೇರಿನ ಮಾತು ಬಂದಿತಲ್ಲ. ಅದು ಸುರಕ್ಷತೆಯ ಇನ್ನೊಂದು ಮುಖವನ್ನು ತೋರಿಸುತ್ತದೆ. ಮಜ್ಜಿಗೆಯಲ್ಲಿ ಹಾಕಿದ ಅದರ ಉಪ್ಪಿನಕಾಯಿಯ ಪರಿಮಳ ಮೈಸೂರು ಸೀಮೆಯ ಮನೆಮನೆಗೂ ಗೊತ್ತು. ತಿನ್ನುವವರಿಗೆ ಮಾಕಳಿಯಿಂದ ಅಪಾಯವಿಲ್ಲ; ಮಾಕಳಿಗೆ ತಿನ್ನುವವರಿಂದ ಅಪಾಯವಿದೆ. ಬೇರಿಗಾಗಿ ಇಡೀ ಗಡ್ಡೆಯನ್ನು ಅಗೆದರೆ ಬಳ್ಳಿ ಉಳಿಯುವುದಿಲ್ಲ. ದಕ್ಷಿಣ ಭಾರತದ ಬೆಟ್ಟಗಳನ್ನು ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಇಲ್ಲದ ಈ ಬಳ್ಳಿ ಇಂದು ಅಳಿವಿನಂಚಿನ ಸಸ್ಯಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ. 2011ರ ಅಕ್ಟೋಬರ್‌ನಲ್ಲಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಸಮುದಾಯ ಅರಣ್ಯ ಹಕ್ಕು ದೊರೆತ ಮೇಲೆ, ಯಾವ ಬೇರನ್ನು ಎಷ್ಟು ಅಗೆಯಬೇಕು, ಎಷ್ಟು ಬಿಡಬೇಕು ಎಂದು ತೀರ್ಮಾನಿಸುವ ಹೊಣೆಯೂ ಗ್ರಾಮಸಭೆಗಳದ್ದಾಗಿದೆ. ಬೇರು ಸುರಕ್ಷಿತವೇ ಎಂದು ಕೇಳುವಾಗ ತಿನ್ನುವವರಿಗೆ ಎಂದು ಕೇಳಿದರೆ ಅರ್ಧ ಪ್ರಶ್ನೆ. ಬಳ್ಳಿಗೆ ಎಂದೂ ಕೇಳಿದರೆ ಪೂರ್ತಿ ಪ್ರಶ್ನೆ.

ಈಶ್ವರಿ ಯಾರ ಆಹಾರ?

ಹಾಗಾದರೆ ಈಶ್ವರಿ ಬಳ್ಳಿಯನ್ನು ಕಿತ್ತೊಗೆಯಬೇಕೇ? ಎಂದಿಗೂ ಕೂಡದು. ನಮಗೆ ವಿಷವಾದದ್ದು ಇನ್ನೊಂದು ಜೀವಕ್ಕೆ ತಾಯಿಹಾಲು. ಮೈಮೇಲೆ ಕೆಂಪು ಬಣ್ಣವುಳ್ಳ ಕಾಮನ್ ರೋಸ್, ಕ್ರಿಮ್ಸನ್ ರೋಸ್ ಚಿಟ್ಟೆಗಳು ಮತ್ತು ಕರ್ನಾಟಕದ ರಾಜ್ಯ ಚಿಟ್ಟೆಯಾದ, ಕಪ್ಪು ಹಳದಿ ರೆಕ್ಕೆಗಳ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಮತ್ತು ಅದರ ಕುಟುಂಬದ ಗಿಡಗಳ ಮೇಲೆ. ಅವುಗಳ ಹುಳುಗಳು ಬೇರೆ ಎಲೆ ತಿನ್ನಲಾರವು. ಈಶ್ವರಿ ಇಲ್ಲದ ಕಡೆ ಅವುಗಳಿಗೆ ಬದುಕು ಕಷ್ಟ.

ಆ ಹುಳು ಎಲೆಯ ವಿಷವನ್ನು ತನ್ನ ಮೈಯಲ್ಲಿ ಕೂಡಿಟ್ಟುಕೊಂಡು ಹಕ್ಕಿಗಳಿಂದ ಪಾರಾಗುತ್ತದೆ. ಒಮ್ಮೆ ಕುಕ್ಕಿ ರುಚಿ ಕೆಟ್ಟ ಹಕ್ಕಿ ಆ ಕೆಂಪು ಮೈಯನ್ನು ಮತ್ತೆ ಮುಟ್ಟುವುದಿಲ್ಲ. ನಮ್ಮ ಹಿತ್ತಲಿನ ನಿಂಬೆ, ಕರಿಬೇವಿನ ಗಿಡಗಳಲ್ಲಿ ಬೆಳೆಯುವ ಕಾಮನ್ ಮಾರ್ಮನ್ ಚಿಟ್ಟೆಯ ಮೈಯಲ್ಲಿ ಆ ವಿಷವಿಲ್ಲ. ಆದರೂ ಅದರ ಕೆಲವು ಹೆಣ್ಣುಗಳು ಇದೇ ರೋಸ್ ಚಿಟ್ಟೆಗಳ ವೇಷ ಧರಿಸಿ ಹಕ್ಕಿಗಳನ್ನು ಏಮಾರಿಸುತ್ತವೆ. ಒಂದು ಬೇಲಿಯ ಬಳ್ಳಿಯ ಸುತ್ತ ಇಷ್ಟೊಂದು ಜೀವಗಳ ಲೆಕ್ಕಾಚಾರ ನಡೆದಿದೆ. ಬಳ್ಳಿಯನ್ನು ಬೇರುಸಹಿತ ಅಗೆದು ಹೊಟ್ಟೆಗೆ ಹಾಕಿಕೊಂಡರೆ ನಮಗೂ ಕೇಡು, ಚಿಟ್ಟೆಗೂ ಕೇಡು.

ಮಾಡಬೇಕಾದ್ದು

ಮೊದಲನೆಯದಾಗಿ, ಈಶ್ವರಿ ಬೇರನ್ನು ಯಾವ ಕಾಯಿಲೆಗೂ ಹೊಟ್ಟೆಗೆ ಕೊಡುವುದನ್ನು ನಿಲ್ಲಿಸಬೇಕು. ಬಸುರಿ ಬಾಣಂತಿಯರಿಗೆ, ಮಕ್ಕಳಿಗೆ ಅಂತೂ ಬೇಡವೇ ಬೇಡ. ಈ ಮಾತನ್ನು ನಾಟಿ ವೈದ್ಯರ ಎದುರು ಕುಳಿತು, ಅವರ ಅನುಭವಕ್ಕೆ ಗೌರವ ಕೊಟ್ಟು ಹೇಳಬೇಕು. ತಮ್ಮ ಪಟ್ಟಿಯಿಂದ ಒಂದು ಬೇರನ್ನು ತಾವೇ ತೆಗೆದುಹಾಕುವ ವೈದ್ಯರ ಉಳಿದ ಮದ್ದುಗಳ ಮೇಲೆ ಜನರ ನಂಬಿಕೆ ಹೆಚ್ಚುತ್ತದೆ. ಹಿಂದೆ ಈ ಬೇರನ್ನು ಹಲವು ಸಲ ಸೇವಿಸಿದವರು ಹೆದರಬೇಕಿಲ್ಲ. ಆದರೆ ಆಸ್ಪತ್ರೆಗೆ ಹೋದಾಗ ವೈದ್ಯರಿಗೆ ಅದನ್ನು ತಿಳಿಸಿ ರಕ್ತ, ಮೂತ್ರ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

ಎರಡನೆಯದಾಗಿ, ಹಾವು ಕಚ್ಚಿದರೆ ಕತ್ತರಿಸಬಾರದು, ಹೀರಬಾರದು, ಬಿಗಿಯಾಗಿ ಕಟ್ಟಬಾರದು. ಧೈರ್ಯ ಹೇಳಿ, ಕಚ್ಚಿದ ಕೈಕಾಲನ್ನು ಅಲುಗದಂತೆ ಇಟ್ಟು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಒಯ್ಯಬೇಕು. ಬಂಡೀಪುರದ ರಸ್ತೆಗಳಲ್ಲಿ 2009ರಿಂದ ರಾತ್ರಿ ಸಂಚಾರ ನಿಷೇಧವಿದ್ದರೂ ತುರ್ತು ವಾಹನಗಳಿಗೆ ಅಡ್ಡಿಯಿಲ್ಲ. ಹೊಲ ಕಾಯುವವರು ನೆಲದ ಮೇಲೆ ಮಲಗದಿರಲಿ. ಮಂಚ, ಸೊಳ್ಳೆಪರದೆ, ಬ್ಯಾಟರಿ ಇರಲಿ.

ಮೂರನೆಯದು ಸರ್ಕಾರದ ಹೊಣೆ. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿದೆ. ಲೆಕ್ಕ ಬರೆದರೆ ಸಾಲದು, ಕಾಡಂಚಿನ ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪ್ರತಿವಿಷವೂ, ಅದನ್ನು ಕೊಡಬಲ್ಲ ವೈದ್ಯರೂ ರಾತ್ರಿಯ ಹೊತ್ತಿನಲ್ಲಿ ಇರಬೇಕು. ಮಲೆ ಮಹದೇಶ್ವರ ಬೆಟ್ಟದ ಒಳಗಿನ ಊರುಗಳಿಂದ ರೋಗಿಯನ್ನು ಡೋಲಿಯಲ್ಲಿ ಹೊತ್ತು ತಂದ ಉದಾಹರಣೆಗಳು ನಮ್ಮ ಕಣ್ಣೆದುರಿಗಿವೆ. ಆಸ್ಪತ್ರೆ ದೂರವಿದ್ದಷ್ಟು ದಿನ ಬೇರು ಹತ್ತಿರವಿರುತ್ತದೆ. ಜನರನ್ನು ಮೂಢರೆನ್ನುವ ಮೊದಲು ರಸ್ತೆ, ವಾಹನ, ಮದ್ದು ಒದಗಿಸುವುದು ನ್ಯಾಯ.

ನಾಲ್ಕನೆಯದು ವಿದ್ಯಾರ್ಥಿಗಳ ಕೆಲಸ. ನಿಮ್ಮ ಊರಿನ ಹಿರಿಯರೊಡನೆ ಬೇಲಿ ಸುತ್ತಿ, ಪ್ರತಿ ಬಳ್ಳಿಯ ಊರ ಹೆಸರು, ಸೋಲಿಗರ ಹೆಸರು, ಸಸ್ಯಶಾಸ್ತ್ರದ ಹೆಸರು ಮೂರನ್ನೂ ಬರೆದುಕೊಳ್ಳಿ. ಎಲೆ ಹೂವುಗಳನ್ನು ಒತ್ತಿ ಒಣಗಿಸಿ ಅಂಟಿಸಿಡಿ. ಯಾವುದು ಅನ್ನ, ಯಾವುದು ಮದ್ದು, ಯಾವುದು ನಂಜು ಎಂದು ಮುಂದೆ ಗುರುತು ಹಾಕಿ. ಈಶ್ವರಿಯ ಪುಟದಲ್ಲಿ ಹೀಗೆ ಬರೆಯಿರಿ: ಮನುಷ್ಯರಿಗೆ ಬೇಡ, ಚಿಟ್ಟೆಗೆ ಬೇಕು, ಕೀಳಬೇಡಿ.